ಅಂಗಳ ಯಾರದ್ದು: ವರ್ದಿಂಗ್ ಥಂಡರ್ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಹಿನ್ನೆಲೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ ವರ್ದಿಂಗ್, ನಿವೃತ್ತರ ಊರೆಂದೇ ಹೆಸರಾದ, ಲಕ್ಷದ ಆಸುಪಾಸು ಜನಸಂಖ್ಯೆಯ ಪಟ್ಟಣ. 1993, 1994 ಮತ್ತು 1995ರಲ್ಲಿ ಬ್ರಿಟನ್ನಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ಪ್ಲೇ-ಆಫ್ (ಲೀಗ್ ಮುಗಿದ ಮೇಲೆ ಅಗ್ರ ತಂಡಗಳು ಆಡುವ ನಾಕೌಟ್ ಸುತ್ತು) ಪ್ರಶಸ್ತಿಯನ್ನು ಸತತವಾಗಿ ಮೂರು ಸಲ ಗೆದ್ದದ್ದು ಲಂಡನ್ನಿನ ತಂಡವೂ ಅಲ್ಲ, ಮ್ಯಾಂಚೆಸ್ಟರಿನದೂ ಅಲ್ಲ. ಈ ಪಟ್ಟಣದ ವರ್ದಿಂಗ್ ಬೇರ್ಸ್. ಮೂರನೆಯ ಗೆಲುವಿನ ನಂತರ ಐದು ವರ್ಷ ತುಂಬುವುದರೊಳಗೆ ಆ ತಂಡ ಊರು ಬಿಟ್ಟು, ಸುಮಾರು 17 ಕಿಲೋಮೀಟರ್ ಪೂರ್ವಕ್ಕಿರುವ ಬ್ರೈಟನ್ ಸೇರಿತು. ಅಲ್ಲಿ ಏಳು ವರ್ಷ ಆಡಿ ಮುಚ್ಚಿಹೋಯಿತು. ಅದು ಬಿಟ್ಟುಹೋದ ಜಾಗದಲ್ಲಿ 1999ರಲ್ಲಿ ಹುಟ್ಟಿದ ಅರೆವೃತ್ತಿಪರ ಕ್ಲಬ್ ವರ್ದಿಂಗ್ ಥಂಡರ್ ಮಾತ್ರ ಎರಡು ದಶಕಗಳನ್ನು ದಾಟಿ ಬಂದಿದೆ. ದೊಡ್ಡದು ಅಳಿದು ಸಣ್ಣದು ಉಳಿದದ್ದಕ್ಕೆ ಆಟಗಾರರ ಪ್ರತಿಭೆಯಲ್ಲಾಗಲಿ ಅಭಿಮಾನಿಗಳ ನಿಷ್ಠೆಯಲ್ಲಾಗಲಿ ಪೂರ್ತಿ ಉತ್ತರ ಸಿಗುವುದಿಲ್ಲ. ಇಂಗ್ಲೆಂಡಿನ ಬ್ಯಾಸ್ಕೆಟ್‌ಬಾಲ್ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಬೇರೆಯೇ ಇದೆ: ಆಡುವ ಅಂಗಳ ಯಾರದ್ದು, ಅದಕ್ಕೆ ತೆರುವ ಬಾಡಿಗೆ ಎಷ್ಟು?

ಇಂಗ್ಲೆಂಡಿನಲ್ಲಿ ಬ್ಯಾಸ್ಕೆಟ್‌ಬಾಲಿನ ರಾಷ್ಟ್ರೀಯ ಲೀಗ್ ಶುರುವಾದದ್ದು 1972ರಲ್ಲಿ, ಕೇವಲ ಆರು ತಂಡಗಳೊಂದಿಗೆ. ಆ ದಶಕದಲ್ಲೇ ಸ್ಥಳೀಯ ಆಡಳಿತಗಳು ಊರೂರಿನಲ್ಲಿ ಈಜುಕೊಳ, ವ್ಯಾಯಾಮಶಾಲೆ ಮತ್ತು ಒಳಾಂಗಣ ಕ್ರೀಡಾಂಗಣಗಳನ್ನು ಒಂದೇ ಸೂರಿನಡಿ ಸೇರಿಸಿದ ಲೀಷರ್ ಸೆಂಟರ್‌ಗಳನ್ನು ಕಟ್ಟಲಾರಂಭಿಸಿದವು. ಫುಟ್‌ಬಾಲ್ ಮತ್ತು ಕ್ರಿಕೆಟ್ ಕ್ಲಬ್ಬುಗಳಿಗೆ ನೂರು ವರ್ಷದ ಸ್ವಂತ ಮೈದಾನಗಳಿದ್ದವು; ತಡವಾಗಿ ಬಂದ ಬ್ಯಾಸ್ಕೆಟ್‌ಬಾಲ್ ಕೌನ್ಸಿಲ್ಲಿನ ಈ ಹಾಲ್‌ಗಳಲ್ಲಿ ಗಂಟೆಯ ಲೆಕ್ಕಕ್ಕೆ ಬಾಡಿಗೆ ಕೊಟ್ಟು ನೆಲೆ ಹುಡುಕಿಕೊಂಡಿತು. ಟಿಕೆಟ್ ಹಣದ ಒಂದು ಪಾಲು ಕಟ್ಟಡದ ಮಾಲೀಕರಿಗೆ ಹೋಗುತ್ತಿತ್ತು, ತಿಂಡಿ-ಪಾನೀಯದ ಲಾಭ ಬಹುಪಾಲು ಕ್ಲಬ್ಬಿನ ಕೈಗೆ ಬರುತ್ತಲೇ ಇರಲಿಲ್ಲ. 1980ರ ದಶಕದಲ್ಲಿ ಚಾನೆಲ್ 4 ಪಂದ್ಯಗಳನ್ನು ಪ್ರಸಾರ ಮಾಡಿತು, ಅಮೆರಿಕದಿಂದ ಆಟಗಾರರು ಬಂದರು, ಪೋರ್ಟ್ಸ್‌ಮತ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಫುಟ್‌ಬಾಲ್ ಹೆಸರುಗಳು ಈ ಆಟಕ್ಕೂ ಕೈಹಾಕಿದವು. ಆ ಉತ್ಸಾಹದಲ್ಲೇ 1987ರಲ್ಲಿ ಮೇಲ್ದರ್ಜೆಯ ಕ್ಲಬ್ಬುಗಳು ತಮ್ಮದೇ ಬ್ರಿಟಿಷ್ ಬ್ಯಾಸ್ಕೆಟ್‌ಬಾಲ್ ಲೀಗ್ ಕಟ್ಟಿಕೊಂಡವು. ಬಿಬಿಎಲ್ ಎಂದು ಕರೆಯಲಾಗುತ್ತಿದ್ದ ಈ ಲೀಗ್ ಬರಬರುತ್ತಾ ಅಮೆರಿಕದ ಮಾದರಿಯ ಫ್ರಾಂಚೈಸಿ ಲೀಗಾಯಿತು. ಕೆಳಗಿನ ವಿಭಾಗದಲ್ಲಿ ಗೆದ್ದವರಿಗೆ ತಾನಾಗಿ ಮೇಲೇರುವ ದಾರಿಯಾಗಲಿ, ಸೋತವರು ಕೆಳಗಿಳಿಯುವ ನಿಯಮವಾಗಲಿ ಉಳಿಯಲಿಲ್ಲ. ಹಣ ಮತ್ತು ಹಾಲ್ ಎರಡನ್ನೂ ತೋರಿಸಿದವರಿಗೆ ಮಾತ್ರ ಪ್ರವೇಶ ಎನ್ನುವ ಈ ಏರ್ಪಾಟು ಮುಂದೆ ವರ್ದಿಂಗ್‌ನ ಕಥೆಯನ್ನು ಎರಡು ಸಲ ತಿರುಗಿಸಿತು.

ಹಾಲ್ ಎಂಬುದು ಇಷ್ಟು ದೊಡ್ಡ ತೊಡಕೇಕೆ ಎಂಬುದು ಅಳತೆಪಟ್ಟಿ ಹಿಡಿದರೆ ತಿಳಿಯುತ್ತದೆ. ಬ್ಯಾಸ್ಕೆಟ್‌ಬಾಲ್ ಅಂಗಳದ ಅಳತೆ 28 ಮೀಟರ್ ಉದ್ದ, 15 ಮೀಟರ್ ಅಗಲ. ಗೆರೆಯಾಚೆ ಸುತ್ತಲೂ ಎರಡೆರಡು ಮೀಟರ್ ಖಾಲಿ ಜಾಗ ಬೇಕು. ಅಲ್ಲಿಗೆ 32 ಮೀಟರ್ ಉದ್ದ, 19 ಮೀಟರ್ ಅಗಲವಾಯಿತು. ಬ್ರಿಟನ್ನಿನ ಹಳೆಯ ಕ್ರೀಡಾ ಹಾಲ್‌ಗಳು ನಾಲ್ಕು ಬ್ಯಾಡ್ಮಿಂಟನ್ ಅಂಗಳಗಳನ್ನು ಹಿಡಿಸುವ ಲೆಕ್ಕದಲ್ಲಿ ಕಟ್ಟಿದಂಥವು; ಅವುಗಳ ಸಾಮಾನ್ಯ ಅಳತೆ 33 ಮೀಟರ್ ಉದ್ದ, 18 ಮೀಟರ್ ಅಗಲ. ಆಮೇಲೆ ಬಂದ ಮಾರ್ಗಸೂಚಿಯಲ್ಲಿ ಅದು 34.5 ಮೀಟರಿಗೆ 20 ಮೀಟರ್ ಆಗಿದೆ. ಅಂದರೆ ಆಟ ಹೇಗೋ ನಡೆಯುತ್ತದೆ, ನೋಡುವವರಿಗೆ ಒಂದು ಸಾಲು ಬೆಂಚು ಹಾಕಲೂ ತಾವಿರುವುದಿಲ್ಲ. ಸಾವಿರ ಜನರನ್ನು ಕೂರಿಸಬೇಕಾದರೆ ಇದರ ಎರಡು ಪಟ್ಟು ದೊಡ್ಡ ಹಾಲ್ ಬೇಕು. ಅಂಥದ್ದು ಜಿಲ್ಲೆಗೊಂದು ಇದ್ದರೆ ಹೆಚ್ಚು. ನೆಲದ ಮೇಲೆ ಕೂಡ ಬ್ಯಾಸ್ಕೆಟ್‌ಬಾಲಿನ ಗೆರೆಗಳಷ್ಟೇ ಇರುವುದಿಲ್ಲ: ಬ್ಯಾಡ್ಮಿಂಟನ್ನಿನ ಗೆರೆಗಳು ಒಂದು ಬಣ್ಣದಲ್ಲಿ, ನೆಟ್‌ಬಾಲಿನವು ಇನ್ನೊಂದರಲ್ಲಿ, ವಾಲಿಬಾಲ್ ಮತ್ತು ಫೈವ್-ಎ-ಸೈಡ್ ಫುಟ್‌ಬಾಲಿನವು ಮತ್ತೊಂದೆರಡರಲ್ಲಿ ಒಂದರ ಮೇಲೊಂದು ಹಾಯ್ದಿರುತ್ತವೆ. ಸಂಜೆ ಪಂದ್ಯವಿದ್ದರೆ ಮಧ್ಯಾಹ್ನದ ಶಟಲ್ ಆಟಗಾರರು ನೆಟ್ ಬಿಚ್ಚಿಕೊಂಡು ಹೋದ ಮೇಲೆಯೇ ಕ್ಲಬ್ಬಿನ ಸ್ವಯಂಸೇವಕರು ಗೋಡೆಯೊಳಗಿನ ಮಡಿಚುವ ಬೆಂಚುಗಳನ್ನು ಎಳೆದು, ಅಂಕಫಲಕಕ್ಕೂ, ಚೆಂಡು ಹಿಡಿದ ತಂಡ ಬುಟ್ಟಿಗೆ ಎಸೆಯಲು ಇರುವ 24 ಸೆಕೆಂಡುಗಳನ್ನು ಎಣಿಸುವ ಗಡಿಯಾರಕ್ಕೂ ತಂತಿ ಜೋಡಿಸಿ, ಬಾಗಿಲಲ್ಲಿ ಟಿಕೆಟ್ ಮೇಜು ಹಾಕಬೇಕು.

ಇಂಥ ವಾತಾವರಣದಲ್ಲೇ ಬೆಳೆದ ವರ್ದಿಂಗ್ ಬೇರ್ಸ್ 1992–93ರಲ್ಲಿ ಲೀಗ್ ಪ್ರಶಸ್ತಿಯನ್ನೂ ಪ್ಲೇ-ಆಫ್ ಪ್ರಶಸ್ತಿಯನ್ನೂ ಒಟ್ಟಿಗೆ ಗೆದ್ದಿತು. ಅದಕ್ಕೆ ಹಿಂದಿನ ಮೂರು ವರ್ಷ ಲೀಗ್ ಕಿರೀಟ ಕಿಂಗ್‌ಸ್ಟನ್ ತಂಡದ್ದಾಗಿತ್ತು. ಆಲನ್ ಕನ್ನಿಂಗ್‌ಹ್ಯಾಮ್ ಮತ್ತು ಕಾಲಿನ್ ಐರಿಷ್ ಹೆಸರುಗಳು ವರ್ದಿಂಗ್‌ನ ಹಳೆಯ ಪ್ರೇಕ್ಷಕರಿಗೆ ಇಂದಿಗೂ ನೆನಪಿರುವುದು ಆ ವರ್ಷಗಳಿಂದಾಗಿಯೇ. ಮುಂದಿನ ಎರಡು ವರ್ಷ ಲೀಗಿನ ಅಗ್ರಸ್ಥಾನ ಥೇಮ್ಸ್ ವ್ಯಾಲಿ ಟೈಗರ್ಸ್ ಮತ್ತು ಶೆಫೀಲ್ಡ್ ಶಾರ್ಕ್ಸ್ ಪಾಲಾದರೂ ಪ್ಲೇ-ಆಫ್‌ನ ಕೊನೆಯ ಪಂದ್ಯ ವರ್ದಿಂಗ್‌ನದೇ ಆಗಿತ್ತು.

ಆದರೆ ಅಷ್ಟರಲ್ಲಿ ಲೀಗಿನ ಕಣ್ಣು ಬೇರೆಡೆ ನೆಟ್ಟಿತ್ತು. 1991ರಲ್ಲಿ ಶೆಫೀಲ್ಡ್‌ನಲ್ಲಿ, 1995ರಲ್ಲಿ ಮ್ಯಾಂಚೆಸ್ಟರ್ ಮತ್ತು ನ್ಯೂಕಾಸಲ್‌ಗಳಲ್ಲಿ ಹತ್ತು ಸಾವಿರದ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಜನ ಹಿಡಿಯುವ ಅರೀನಾಗಳು ಎದ್ದವು. 1995ರಲ್ಲಿ ಮ್ಯಾಂಚೆಸ್ಟರ್ ಜೈಂಟ್ಸ್ ತನ್ನ ಹೊಸ ಅರೀನಾದ ಒಂದು ಪಂದ್ಯಕ್ಕೆ 14 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿದಾಗ, ಟೆಲಿವಿಷನ್ ಕ್ಯಾಮೆರಾಗಳ ಮುಂದೆ ಲೀಷರ್ ಸೆಂಟರ್‌ನ ಬೆಂಚುಗಳು ಬಡವಾಗಿ ಕಾಣಲಾರಂಭಿಸಿದವು. ಅಂಗಳ ಹುಡುಕಿಕೊಂಡು ಊರೂರು ಅಲೆಯುವುದು ಇಂಗ್ಲಿಷ್ ಕ್ಲಬ್ಬುಗಳಿಗೆ ಹೊಸದೇನಲ್ಲ. ಮೇಲೆ ಹೇಳಿದ ಕಿಂಗ್‌ಸ್ಟನ್ ತಂಡ 1988ರಲ್ಲಿ ಗಡಿ ದಾಟಿ ಗ್ಲಾಸ್ಗೋಗೆ ಹೋಗಿ ಗ್ಲಾಸ್ಗೋ ರೇಂಜರ್ಸ್ ಎಂಬ ಹೆಸರಿನಲ್ಲಿ ಚಾಂಪಿಯನ್ ಆಗಿ, ಮರುವರ್ಷ ಕಿಂಗ್‌ಸ್ಟನ್‌ಗೆ ಹಿಂದಿರುಗಿ, 1992ರಲ್ಲಿ ಗಿಲ್ಡ್‌ಫರ್ಡ್‌ಗೆ ಗಂಟುಮೂಟೆ ಕಟ್ಟಿ, 1994ರ ಹೊತ್ತಿಗೆ ಇಲ್ಲವಾಯಿತು. ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿ ಹುಟ್ಟಿದ ಇನ್ನೊಂದು ತಂಡ ವಾಟ್‌ಫರ್ಡ್ ಮೂಲಕ 1998ರಲ್ಲಿ ಮಿಲ್ಟನ್ ಕೀನ್ಸ್ ಸೇರಿ, ಅಲ್ಲಿ ಒಂದು ಕಾಲಕ್ಕೆ ಶಾಪಿಂಗ್ ಸೆಂಟರಿನ ನಡುಮನೆಯಲ್ಲೇ ಅಂಗಳ ಹಾಸಿ ಆಡಿ, 2012ರಲ್ಲಿ ಲಂಡನ್ ಲಯನ್ಸ್ ಆಯಿತು. ಹೀಗೆ ಹೊರಟವರ ಸಾಲಿಗೆ 1999ರಲ್ಲಿ ಬೇರ್ಸ್ ಸೇರಿತು.

ಬ್ರೈಟನ್ನಿನ ಆಕರ್ಷಣೆ ಸುಲಭವಾಗಿ ಅರ್ಥವಾಗುವಂಥದ್ದು: ದೊಡ್ಡ ಊರು, ಯುವಜನರು, ಕಡಲ ದಂಡೆಯಲ್ಲಿ 1977ರಿಂದ ನಿಂತಿರುವ ಬ್ರೈಟನ್ ಸೆಂಟರ್ ಎಂಬ ವಿಶಾಲ ಸಭಾಂಗಣ. ತೊಡಕಿದ್ದದ್ದೂ ಅಲ್ಲಿಯೇ. ರಾಜಕೀಯ ಪಕ್ಷಗಳ ವಾರ್ಷಿಕ ಸಮ್ಮೇಳನಗಳು ಮತ್ತು ಸಂಗೀತ ಕಾರ್ಯಕ್ರಮಗಳಿಂದ ಬದುಕುವ ಆ ಸಭಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಒಬ್ಬ ಬಾಡಿಗೆದಾರ ಮಾತ್ರ, ಅದೂ ಸಣ್ಣ ಬಾಡಿಗೆದಾರ. ಹೀಗಾಗಿ ಬೇರ್ಸ್ ತನ್ನ ಕೆಲವು ಪಂದ್ಯಗಳನ್ನು ಬ್ರೈಟನ್ನಿನ ಉತ್ತರಕ್ಕಿರುವ ಬರ್ಜೆಸ್ ಹಿಲ್ ಪಟ್ಟಣದ ಟ್ರಯಾಂಗಲ್ ಲೀಷರ್ ಸೆಂಟರ್‌ನಲ್ಲಿ ಆಡಬೇಕಾಯಿತು. ಒಂದು ಲೀಷರ್ ಸೆಂಟರ್ ಬಿಟ್ಟು ಬಂದ ತಂಡ ಇನ್ನೊಂದು ಲೀಷರ್ ಸೆಂಟರ್‌ನಲ್ಲಿ ನಿಂತದ್ದನ್ನು ನೋಡಿ ವರ್ದಿಂಗ್‌ನ ಹಳೆಯ ಅಭಿಮಾನಿಗಳು ನಕ್ಕಿದ್ದರೆ ಅವರನ್ನು ದೂರುವಂತಿಲ್ಲ.

ಆಟದ ಮಟ್ಟದಲ್ಲಿ ಬ್ರೈಟನ್ ಬೇರ್ಸ್ ಸೋತಿತೆಂದು ಹೇಳಲಾಗದು. 2001ರಿಂದ ತಂಡದ ಹೊಣೆ ಹೊತ್ತ ಅಮೆರಿಕನ್ ಕೋಚ್ ನಿಕ್ ನರ್ಸ್, 2003–04ರಲ್ಲಿ ಅದಕ್ಕೆ ಲೀಗ್ ಪ್ರಶಸ್ತಿ ತಂದುಕೊಟ್ಟರು. ಡರ್ಬಿಯಲ್ಲಿ ಆಟಗಾರ-ಕೋಚ್ ಆಗಿ ಆರಂಭಿಸಿ, ಬರ್ಮಿಂಗ್‌ಹ್ಯಾಮ್ ತಂಡವನ್ನು 1996ರ ಪ್ಲೇ-ಆಫ್ ಗೆಲುವಿಗೆ ಒಯ್ದಿದ್ದ ಇದೇ ನರ್ಸ್ 2019ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ಕೋಚ್ ಆಗಿ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಪ್ರಶಸ್ತಿ ಗೆದ್ದರು. ಇಂಗ್ಲೆಂಡಿನ ಸಣ್ಣ ಹಾಲ್‌ಗಳಲ್ಲಿ ಕಳೆದ ವರ್ಷಗಳು ಅವರಿಗೆ ಪಾಠಶಾಲೆಯಾದವು. ಕ್ಲಬ್ಬಿಗೆ ಮಾತ್ರ ಅದರಿಂದ ಹೆಚ್ಚೇನೂ ದಕ್ಕಲಿಲ್ಲ. 2002ರಲ್ಲಿ ಟಿವಿ ಪ್ರಸಾರ ಕಂಪನಿ ಐಟಿವಿ ಡಿಜಿಟಲ್ ಕುಸಿದು ಲೀಗಿನ ಪ್ರಸಾರದ ಹಣ ಬತ್ತಿತ್ತು. ಜನರನ್ನು ಸೆಳೆಯಲು 2006ರ ಜನವರಿಯಲ್ಲಿ, ಬ್ರಿಟನ್ನಿನ ಸೆಲೆಬ್ರಿಟಿ ಬಿಗ್ ಬ್ರದರ್ ಮನೆಯಿಂದ ಆಗತಾನೆ ಹೊರಬಂದಿದ್ದ, ಎನ್‌ಬಿಎಯಲ್ಲಿ ಐದು ಸಲ ಚಾಂಪಿಯನ್ ಆಗಿದ್ದ ಡೆನಿಸ್ ರಾಡ್‌ಮನ್‌ನನ್ನು ಗಿಲ್ಡ್‌ಫರ್ಡ್ ಹೀಟ್ ವಿರುದ್ಧದ ಪಂದ್ಯದಲ್ಲಿ ಕಣಕ್ಕಿಳಿಸಲಾಯಿತು. ಪತ್ರಿಕೆಗಳಲ್ಲಿ ಸುದ್ದಿಯೇನೋ ಆಯಿತು. ಅದೇ ವರ್ಷದ ಬೇಸಿಗೆಯಲ್ಲಿ ಬೇರ್ಸ್ ಲೀಗಿನಿಂದ ಹೊರಬಿದ್ದಿತು.

ಈ ಏಳು ವರ್ಷ ವರ್ದಿಂಗ್ ಸುಮ್ಮನೆ ಕೂತಿರಲಿಲ್ಲ. ಬೇರ್ಸ್ ಹೊರಟ ವರ್ಷವೇ ಊರಿನವರು ಹೊಸ ತಂಡ ಕಟ್ಟಿ, ವೃತ್ತಿಪರ ಲೀಗಿನ ಕೆಳಗಿನ ರಾಷ್ಟ್ರೀಯ ಲೀಗಿನಲ್ಲಿ ಆಡಿಸಿದರು. ಅದೇ ಮುಂದೆ ಥಂಡರ್ ಎಂದು ನೆಲೆಯಾದ ಕ್ಲಬ್. ಶ್ಯಾಫ್ಟ್ಸ್‌ಬರಿ ಅವೆನ್ಯೂವಿನ ವರ್ದಿಂಗ್ ಲೀಷರ್ ಸೆಂಟರ್ ಅದರ ಮನೆಯಂಗಳವಾಯಿತು. ಅಭಿಮಾನಿಗಳು ಅದನ್ನು ಥಂಡರ್‌ಡೋಮ್ ಎಂದು ಕರೆದರು. ಅರೆವೃತ್ತಿಪರ ಕ್ಲಬ್ ಎಂದರೆ ಇಲ್ಲಿ ಏನೆಂಬುದನ್ನು ಬಿಡಿಸಿ ಹೇಳಬೇಕು. ತಂಡದ ಬೆರಳೆಣಿಕೆಯ ಆಟಗಾರರಿಗೆ, ಹೆಚ್ಚಾಗಿ ಹೊರದೇಶದಿಂದ ಬಂದವರಿಗೆ, ಸಂಬಳ ಅಥವಾ ವಸತಿ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಅವರು ಪಂದ್ಯ ಆಡುವುದರ ಜೊತೆಗೆ ಶಾಲೆಗಳಲ್ಲಿ ಮಕ್ಕಳಿಗೆ ತರಬೇತಿಯನ್ನೂ ಕೊಡುವುದು ವಾಡಿಕೆ. ಉಳಿದವರು ಹಗಲು ಶಿಕ್ಷಕರು, ಗುಮಾಸ್ತರು, ವಿದ್ಯಾರ್ಥಿಗಳು. ವಾರದ ಎರಡು-ಮೂರು ಸಂಜೆ ಅಭ್ಯಾಸ, ವಾರಾಂತ್ಯದಲ್ಲಿ ಪಂದ್ಯ, ಸೋಮವಾರ ಬೆಳಗ್ಗೆ ಮತ್ತೆ ಕೆಲಸ. ಹೊರದೇಶದವರು ಎಷ್ಟು ಮಂದಿ ಆಡಬಹುದೆಂಬುದಕ್ಕೆ ಲೀಗಿನ ಮಿತಿಯಿದೆ. ಹೀಗಾಗಿ ಊರಿನ ಹುಡುಗರನ್ನು ಬೆಳೆಸದೆ ಇಂಥ ಕ್ಲಬ್ಬಿಗೆ ಬೇರೆ ದಾರಿಯಿಲ್ಲ. ಆಟಗಾರನೂ ಕೋಚೂ ಆಗಿದ್ದ ಗ್ಯಾರಿ ಸ್ಮಿತ್ ಮುಂದಾಳತ್ವದಲ್ಲಿ ಥಂಡರ್ ಆ ಮಟ್ಟದ ಬಲವಾದ ತಂಡಗಳಲ್ಲಿ ಒಂದಾಯಿತು.

ಗೆಲ್ಲುವ ತಂಡಕ್ಕೆ ಮೇಲೆ ನೋಡುವ ಆಸೆ ಸಹಜ. 2008ರಲ್ಲಿ ಥಂಡರ್ ಬಿಬಿಎಲ್ ಪ್ರವೇಶಿಸಿತು. ಒಂಬತ್ತು ವರ್ಷದ ನಂತರ ವರ್ದಿಂಗ್ ಹೆಸರು ಮತ್ತೆ ದೇಶದ ಮೇಲ್ದರ್ಜೆಯಲ್ಲಿ ಕಾಣಿಸಿತು. ಅದು ಜಗತ್ತಿನ ಆರ್ಥಿಕ ಬಿಕ್ಕಟ್ಟು ಶುರುವಾದ ವರ್ಷವೂ ಹೌದು. ಸಣ್ಣ ಕ್ಲಬ್ಬುಗಳ ಜೀವಾಳವಾದ ಸ್ಥಳೀಯ ಪ್ರಾಯೋಜಕರು ಕೈ ಬಿಗಿ ಹಿಡಿಯುತ್ತಿದ್ದ ಹೊತ್ತು. ವೃತ್ತಿಪರ ಲೀಗಿನಲ್ಲಿ ನ್ಯೂಕಾಸಲ್, ಗ್ಲಾಸ್ಗೋ, ಪ್ಲಿಮತ್‌ಗಳವರೆಗೆ ಪ್ರಯಾಣ, ಹೆಚ್ಚು ಪಂದ್ಯ, ಹೆಚ್ಚು ಸಂಬಳದ ಆಟಗಾರರು. ಆದಾಯ ಮಾತ್ರ ಅದೇ ಹಾಲಿನ ಅದೇ ಬೆಂಚುಗಳಿಂದ ಬರಬೇಕು. 2010ರಲ್ಲಿ ಅಂತರರಾಷ್ಟ್ರೀಯ ನಿಯಮವೂ ಬದಲಾಯಿತು: ಮೂರು ಅಂಕದ ಗೆರೆ 6.25 ಮೀಟರಿನಿಂದ 6.75 ಮೀಟರಿಗೆ ಸರಿಯಿತು, ಬುಟ್ಟಿಯ ಮುಂದೆ ಗೆರೆ ಹಾಕಿದ, ಓರೆ ಬದಿಗಳ ಜಾಗ ಆಯತವಾಯಿತು. ಸ್ವಂತ ಅಂಗಳವಿದ್ದವರಿಗೆ ಇದು ಒಂದು ದಿನದ ಬಣ್ಣದ ಕೆಲಸ. ಬಾಡಿಗೆದಾರರಿಗೆ ಕೌನ್ಸಿಲ್ಲಿನ ಒಪ್ಪಿಗೆ ಬೇಡುವ ಕೆಲಸ. ಮೂರು ಋತುಗಳ ನಂತರ, 2011ರಲ್ಲಿ, ಥಂಡರ್ ಬಿಬಿಎಲ್ ಬಿಟ್ಟು ಇಂಗ್ಲೆಂಡಿನ ರಾಷ್ಟ್ರೀಯ ಲೀಗಿಗೆ ಮರಳಿತು.

ಇದನ್ನು ಹಿನ್ನಡೆ ಎಂದು ಬಗೆದವರು ಆಗ ಇದ್ದಿರಬಹುದು. ಈಗ ಹಿಂದಿರುಗಿ ನೋಡಿದರೆ ಕ್ಲಬ್ಬಿನ ಚರಿತ್ರೆಯಲ್ಲಿ ಅದಕ್ಕಿಂತ ವಿವೇಕದ ತೀರ್ಮಾನ ಇನ್ನೊಂದಿಲ್ಲ ಎನ್ನಬೇಕಾಗುತ್ತದೆ. ವರ್ದಿಂಗ್ ಇರುವ ಸಸೆಕ್ಸ್ ಕೌಂಟಿಯ ಗಡಿಯಾಚೆ, ಥೇಮ್ಸ್ ವ್ಯಾಲಿ ಟೈಗರ್ಸ್ ಮುಚ್ಚಿದಾಗ ಅದರ ಅಭಿಮಾನಿಗಳೇ 2005ರಲ್ಲಿ ಕಟ್ಟಿದ ಗಿಲ್ಡ್‌ಫರ್ಡ್ ಹೀಟ್, ಮೇಲ್ದರ್ಜೆಯಲ್ಲೇ ಉಳಿಯಲು ಹೆಣಗಿ ಆ ಹೆಸರಿನಲ್ಲಿ ಒಂದು ದಶಕವನ್ನೂ ಪೂರೈಸಲಿಲ್ಲ. ಥಂಡರ್ ಮಾತ್ರ ತನ್ನ ವೆಚ್ಚವನ್ನು ಹಾಲಿನ ಅಳತೆಗೆ ಇಳಿಸಿಕೊಂಡಿತು. ಅಮೆರಿಕದ ಕಾಲೇಜು ಆಟ ಮುಗಿಸಿ ಬರುವ ಒಬ್ಬಿಬ್ಬರು, ಮಿಸೌರಿ ವಿಶ್ವವಿದ್ಯಾಲಯದಲ್ಲಿ ಆಡಿದ್ದ ಜೈರ್ ಟೇಲರ್ ಅಂಥವರು, ಅವರ ಸುತ್ತ ಸಸೆಕ್ಸ್‌ನ ಆಟಗಾರರು ಎನ್ನುವ ಸೂತ್ರ ಮುಂದುವರಿಯಿತು. 2014ರಲ್ಲಿ ಯುಕೆ ಸ್ಪೋರ್ಟ್ ಸಂಸ್ಥೆ ಬ್ಯಾಸ್ಕೆಟ್‌ಬಾಲಿಗೆ ಕೊಡುತ್ತಿದ್ದ ಒಲಿಂಪಿಕ್ ತಯಾರಿಯ ಅನುದಾನವನ್ನು ಕಡಿದುಹಾಕಿದಾಗ ರಾಷ್ಟ್ರೀಯ ತಂಡಗಳು ತತ್ತರಿಸಿದವು. ಆ ಅನುದಾನವನ್ನು ಎಂದೂ ಕಂಡಿರದ ಈ ಮಟ್ಟದ ಕ್ಲಬ್ಬುಗಳಿಗೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ.

ಮೇಲ್ದರ್ಜೆಯ ಅಸ್ಥಿರತೆ ಇನ್ನೂ ತೀರಿಲ್ಲ. 2021ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ 777 ಪಾರ್ಟ್‌ನರ್ಸ್ ಸುಮಾರು 70 ಲಕ್ಷ ಪೌಂಡ್ ಕೊಟ್ಟು ಬಿಬಿಎಲ್‌ನ ಶೇ 45 ಪಾಲನ್ನು ಕೊಂಡಿತು. ಆ ಸಂಸ್ಥೆಯೇ ಸಂಕಟಕ್ಕೆ ಸಿಲುಕಿದ ಮೇಲೆ 2024ರ ಬೇಸಿಗೆಯಲ್ಲಿ ಬ್ರಿಟಿಷ್ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಲೀಗಿನ ಪರವಾನಗಿ ರದ್ದುಮಾಡಿತು. ಕ್ಲಬ್ಬುಗಳು ಕೂಡಿ ಸೂಪರ್ ಲೀಗ್ ಬ್ಯಾಸ್ಕೆಟ್‌ಬಾಲ್ ಎಂಬ ಹೊಸ ಲೀಗ್ ಆರಂಭಿಸಿದವು. ಮುಂದಿನ ಪರವಾನಗಿ ಯಾರಿಗೆ ಎಂಬ ವಿಷಯದಲ್ಲಿ ಫೆಡರೇಷನ್ನಿಗೂ ಕ್ಲಬ್ಬುಗಳಿಗೂ ಜಟಾಪಟಿ ನಡೆಯಿತು. ಹೆಸರು ಬದಲಾದರೂ ರಾಷ್ಟ್ರೀಯ ಲೀಗಿನಲ್ಲಿ ಗೆದ್ದವರು ಆಟದ ಬಲದಿಂದಲೇ ಮೇಲೇರುವ ವ್ಯವಸ್ಥೆ ಇದರಿಂದ ಬರಲಿಲ್ಲ. ಕೌನ್ಸಿಲ್ಲಿನ ಸೌಲಭ್ಯಗಳನ್ನು ನಡೆಸುವ ಸೌತ್ ಡೌನ್ಸ್ ಲೀಷರ್ ಟ್ರಸ್ಟಿನ ಕೈಯಲ್ಲಿರುವ ಅದೇ ಶ್ಯಾಫ್ಟ್ಸ್‌ಬರಿ ಅವೆನ್ಯೂ ಹಾಲಿನಲ್ಲಿ, ರಾಷ್ಟ್ರೀಯ ಲೀಗಿನ ಮೊದಲ ವಿಭಾಗದ ಪಂದ್ಯಗಳನ್ನು ಆಡುತ್ತಾ ಬಂದಿರುವ ಥಂಡರ್ ಮತ್ತೊಮ್ಮೆ ಮೇಲೆ ಹೋಗಬೇಕೆಂದರೆ, 1999ರಲ್ಲಿ ಬೇರ್ಸ್ ಎದುರಿಸಿದ ಆಯ್ಕೆಯೇ ಅದರ ಮುಂದೆಯೂ ಬರುತ್ತದೆ: ಊರಿನೊಳಗೆ ದೊಡ್ಡ ಹಾಲ್ ಕಟ್ಟಿಸಬೇಕು, ಇಲ್ಲವೇ ಹಾಲ್ ಇರುವ ಊರಿಗೆ ಹೋಗಬೇಕು.