ಜಾಲಪುಟದ ಹಿನ್ನೆಲೆಗೆ ಹಳದಿ-ಕೆಂಪೇ, ಹಂಪಿಯ ಚಿತ್ರವೇ?

ಪ್ರಶ್ನೆ: ನಮ್ಮ ಊರಿನ ಕನ್ನಡ ಸಂಘಕ್ಕೆ ಜಾಲತಾಣವೊಂದನ್ನು ರೂಪಿಸುತ್ತಿದ್ದೇವೆ. ಇಡೀ ಪುಟಕ್ಕೆ ಹಳದಿ ಬಳಿದು ಕೆಂಪಕ್ಷರಗಳಲ್ಲಿ ಬರೆಯೋಣವೆಂದು ಕೆಲವರು, ಹಂಪಿಯ ಕಲ್ಲಿನ ರಥದ ಚಿತ್ರವನ್ನೇ ಹಿನ್ನೆಲೆಗೆ ಹಾಕೋಣವೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಎರಡಕ್ಕೂ ಪುಟದಲ್ಲಿ ಜಾಗವಿದೆ, ಆದರೆ ಜನರು ಕುಳಿತು ಓದಬೇಕಾದ ಬರಹದ ಹಿಂದೆ ಎರಡೂ ಬೇಡ. ಹಿನ್ನೆಲೆಯನ್ನು ಮೊದಲು ಆರಿಸಿ ಆಮೇಲೆ ಅದರ ಮೇಲೆ ಅಕ್ಷರ ಕೂರಿಸುವುದು ಸಾಮಾನ್ಯ ರೂಢಿಯಾದರೂ, ಕನ್ನಡದ ಪುಟಕ್ಕೆ ಈ ಕ್ರಮವನ್ನು ತಿರುಗಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳನ್ನು ಬೇರ್ಪಡಿಸುವುದು ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರಗಳಂತೂ ಸಾಲಿನ ಕೆಳಗೆ, ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೂರುತ್ತವೆ. ಹಿನ್ನೆಲೆ ಸ್ವಲ್ಪ ಗದ್ದಲ ಮಾಡಿದರೂ ಮೊದಲು ಮರೆಯಾಗುವುದು ಇವೇ.

ಅಕ್ಷರ ಮತ್ತು ಹಿನ್ನೆಲೆಗಳ ನಡುವಿನ ಕಾಂಟ್ರಾಸ್ಟನ್ನು, ಅಂದರೆ ಒಂದರೆದುರು ಇನ್ನೊಂದು ಎಷ್ಟು ಎದ್ದು ಕಾಣುತ್ತದೆ ಎಂಬುದನ್ನು, ಅನುಪಾತದಲ್ಲಿ ಅಳೆಯಲು ಒಂದು ಲೆಕ್ಕವಿದೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2008ರ ಡಿಸೆಂಬರ್‌ನಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಸಾಮಾನ್ಯ ಗಾತ್ರದ ಬರಹಕ್ಕೆ ಈ ಅನುಪಾತ ಕನಿಷ್ಠ 4.5:1 ಇರಬೇಕು; 18 ಪಾಯಿಂಟ್ ಅಥವಾ ಅದಕ್ಕಿಂತ ದೊಡ್ಡ ಅಕ್ಷರಗಳಿಗೆ 3:1 ಸಾಕು. ಬಿಳಿಯ ಮೇಲೆ ಕಪ್ಪು ಬರೆದರೆ ಸಿಗುವ 21:1 ಇದರ ಗರಿಷ್ಠ ಮಿತಿ. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಬರೆದಾಗ ಸಿಗುವುದು ಸುಮಾರು 3.7:1 ಮಾತ್ರ. ನಮ್ಮ ಬಾವುಟದ ಬಣ್ಣಗಳು ಒಂದರ ಪಕ್ಕ ಒಂದು ಅಷ್ಟು ಎದ್ದು ಕಾಣುತ್ತಿರುವಾಗ ಇದು ಹೇಗೆ ಎಂದು ಯಾರಿಗಾದರೂ ಅನಿಸಬಹುದು. ಲೆಕ್ಕ ಹಿಡಿಯುವುದು ಬಣ್ಣದ ಭೇದವನ್ನಲ್ಲ, ಹೊಳಪಿನ ಭೇದವನ್ನು. ಮನುಷ್ಯನ ಕಣ್ಣಿಗೆ ತೋರುವ ಹೊಳಪಿನಲ್ಲಿ ಹಸಿರಿನ ಪಾಲು ಸುಮಾರು ಶೇ 72, ಕೆಂಪಿನದು 21, ನೀಲಿಯದು 7. ಪರದೆಯ ಮೇಲೆ ಕೆಂಪು ಮತ್ತು ಹಸಿರು ಬೆಳಕುಗಳು ಕೂಡಿ ಹಳದಿಯಾಗುವುದರಿಂದ ಅದು ಹೊಳಪಿನಲ್ಲಿ ಬಿಳಿಗೆ ತೀರಾ ಹತ್ತಿರವಿದೆ. ದೊಡ್ಡ ಬಾವುಟಕ್ಕೆ ಬಣ್ಣದ ಭೇದವೇ ಸಾಕು, ಸಣ್ಣ ಒತ್ತಕ್ಷರಕ್ಕೆ ಹೊಳಪಿನ ಭೇದ ಬೇಕು.

ಹಾಗೆಂದು ಹಳದಿ-ಕೆಂಪನ್ನು ಕೈಬಿಡಬೇಕಿಲ್ಲ. ಪರದೆಯ ಬಣ್ಣವನ್ನು ಕೆಂಪು, ಹಸಿರು, ನೀಲಿ ಬೆಳಕುಗಳಿಗೆ ಇದೇ ಕ್ರಮದಲ್ಲಿ 0ರಿಂದ 255ರವರೆಗಿನ ಒಂದೊಂದು ಸಂಖ್ಯೆ ಕೊಟ್ಟು ಸೂಚಿಸುತ್ತಾರೆ. ಕೆಂಪನ್ನು ಕಡು ಕುಂಕುಮದ ಕಡೆಗೆ ಎಳೆದು ಕೆಂಪು 139, ಹಸಿರು 0, ನೀಲಿ 0 ಎಂದು ಕೊಟ್ಟರೆ ಅದೇ ಹಳದಿಯ ಮೇಲೆ ಅನುಪಾತ 9ನ್ನು ದಾಟುತ್ತದೆ. ಪುಟದ ಮೇಲ್ಭಾಗದ ಪಟ್ಟಿಗೂ ಶೀರ್ಷಿಕೆಗಳಿಗೂ ಈ ಜೋಡಿ ಚೆನ್ನಾಗಿ ಒಪ್ಪುತ್ತದೆ. ಆದರೆ ಪುಟದುದ್ದಕ್ಕೂ ಅಚ್ಚ ಹಳದಿ ಇದ್ದರೆ ಓದುಗರ ಕಣ್ಣು ಬೇಗ ದಣಿಯುತ್ತದೆ. ಆದ್ದರಿಂದ ಲೇಖನದ ಭಾಗಕ್ಕೆ 250, 247, 240ರಂತಹ ಕೆನೆಬಣ್ಣವನ್ನೂ ಅಕ್ಷರಕ್ಕೆ 34, 34, 34ರ ಕಡುಬೂದಿಯನ್ನೂ ಇಟ್ಟುಕೊಳ್ಳಿ. ಅಲ್ಲಿ ಅನುಪಾತ 14ಕ್ಕಿಂತ ಹೆಚ್ಚಿರುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳ ಡೆವಲಪರ್ ಟೂಲ್ಸ್‌ನಲ್ಲಿ (ಪುಟದ ಒಳರಚನೆಯನ್ನು ತೋರಿಸುವ ಭಾಗದಲ್ಲಿ) ಅಕ್ಷರದ ಬಣ್ಣ ಆರಿಸುವ ಪೆಟ್ಟಿಗೆ ತೆರೆದರೆ ಈ ಸಂಖ್ಯೆ ಅಲ್ಲೇ ಕಾಣುತ್ತದೆ.

ಚಿತ್ರದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ರಥದ ಫೋಟೊದಲ್ಲಿ ಮೇಲೆ ಬೆಳ್ಳಗಿನ ಆಕಾಶ, ನಡುವೆ ಬಿಸಿಲು ಬಿದ್ದ ಕಲ್ಲು, ಚಕ್ರಗಳ ಹಿಂದೆ ಕಪ್ಪು ನೆರಳು ಒಟ್ಟಿಗೇ ಇರುತ್ತವೆ. ಇವೆಲ್ಲದರ ಮೇಲೂ ಸಮನಾಗಿ ಕಾಣುವ ಒಂದೇ ಅಕ್ಷರಬಣ್ಣ ಇರುವುದಿಲ್ಲ. ಚಿತ್ರದ ಮೇಲೆ ಸಂಘದ ಹೆಸರನ್ನು ಬಿಳಿಯಲ್ಲಿ ಬರೆಯಲೇಬೇಕೆಂದಿದ್ದರೆ ನಡುವೆ ಅರೆಪಾರದರ್ಶಕವಾದ ಕಪ್ಪು ಪದರವೊಂದನ್ನು ಹಾಸಿ. ಪದರದ ಗಾಢತೆ ಶೇ 50 ಇದ್ದರೆ ಅಚ್ಚ ಬಿಳಿಯ ಭಾಗದ ಮೇಲೆ ಅನುಪಾತ 4ರ ಹತ್ತಿರ ನಿಲ್ಲುತ್ತದೆ, ಶೇ 60 ಇದ್ದರೆ 5.7ಕ್ಕೆ ಏರುತ್ತದೆ. ಚಿತ್ರದ ಜೊತೆಗೆ ಒಂದು ಕಡುಬಣ್ಣವನ್ನೂ ಹಿನ್ನೆಲೆಯಾಗಿ ತಪ್ಪದೆ ನಮೂದಿಸಿ. ನೆಟ್‌ವರ್ಕ್ ದುರ್ಬಲವಾಗಿ ಚಿತ್ರ ಬಾರದೆ ಹೋದರೆ, ಪದರವಿಲ್ಲದ ಕಡೆ ಬಿಳಿ ಪುಟದ ಮೇಲೆ ಬಿಳಿ ಅಕ್ಷರ ಉಳಿದು ಹೆಸರೇ ಕಾಣದಂತಾಗುತ್ತದೆ. ಫೋಟೊವನ್ನು ಕ್ಯಾಮೆರಾದಿಂದ ಬಂದ ಗಾತ್ರದಲ್ಲೇ ಏರಿಸದೆ, ಕಿರಿದುಗೊಳಿಸಿ ಕಡಿಮೆ ಜಾಗ ಹಿಡಿಯುವ ವೆಬ್‌ಪಿ ರೂಪಕ್ಕೆ ಬದಲಿಸುವುದು ಒಳ್ಳೆಯದು. ಅಡ್ಡ ಅಗಲದ ಚಿತ್ರ ಫೋನಿನ ಉದ್ದ ಪರದೆಯನ್ನು ತುಂಬುವಾಗ ಎರಡೂ ಬದಿ ಕತ್ತರಿಸಿಹೋಗುವುದರಿಂದ, ರಥವು ಚಿತ್ರದ ಮಧ್ಯದಲ್ಲಿರುವ ಫೋಟೊವನ್ನೇ ಆರಿಸಿ.

ಕೊನೆಯದಾಗಿ, ಕಾರ್ಯಕ್ರಮದ ದಿನಾಂಕ, ಸ್ಥಳಗಳನ್ನು ಹಿನ್ನೆಲೆಯ ಚಿತ್ರದೊಳಗೇ ಅಚ್ಚುಹಾಕಿ ಬಿಡುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ಅಂಧರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶವು ಹಿನ್ನೆಲೆಯ ಚಿತ್ರವನ್ನು ಓದಿ ಹೇಳುವುದಿಲ್ಲ, ಆದ್ದರಿಂದ ಆ ವಿವರಗಳು ಪುಟದಲ್ಲಿ ಯೂನಿಕೋಡ್ ಅಕ್ಷರಗಳಾಗಿಯೇ ಇರಬೇಕು.