ತೋಳೆತ್ತಿದರೆ ಬ್ಯಾಕ್‌ಸ್ವಿಂಗ್ ಉದ್ದವಾಗುವುದಿಲ್ಲ

ಗಾಲ್ಫ್ ತರಬೇತಿಗೆ ಬರುವ ಹವ್ಯಾಸಿ ಆಟಗಾರರಲ್ಲಿ ಬಹಳಷ್ಟು ಮಂದಿ ತಮ್ಮ ತೊಂದರೆ ಏನೆಂಬುದನ್ನು ಮೊದಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಮೊಬೈಲ್‌ನಲ್ಲಿ ತಮ್ಮದೊಂದು ವಿಡಿಯೊ, ಅದರ ಪಕ್ಕದಲ್ಲಿ ಹೆಸರಾಂತ ಆಟಗಾರರೊಬ್ಬರ ವಿಡಿಯೊ. ಚೆಂಡು ಹೊಡೆಯುವ ಮೊದಲು ಕ್ಲಬ್ಬನ್ನು, ಅಂದರೆ ಹೊಡೆಯುವ ಕೋಲನ್ನು, ಹಿಂದಕ್ಕೆ ಒಯ್ಯುವ ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಆ ಆಟಗಾರರ ಕ್ಲಬ್ ನೆಲಕ್ಕೆ ಸಮಾನಾಂತರವಾಗಿ ನಿಂತಿದೆ, ಇವರದು ಅಲ್ಲಿಗೆ ತಲುಪಿಲ್ಲ. "ನನ್ನ ಬ್ಯಾಕ್‌ಸ್ವಿಂಗ್ ಚಿಕ್ಕದು, ಉದ್ದ ಮಾಡಿಕೊಡಿ" ಎಂಬ ಕೋರಿಕೆ ಅಲ್ಲಿಂದ ಹುಟ್ಟುತ್ತದೆ. ಚೆಂಡು ದೂರ ಹೋಗದಿರಲು ಕಾರಣ ಇದೊಂದೇ ಎಂದು ಅವರು ನಂಬಿರುತ್ತಾರೆ, ಮತ್ತು ಆ ನಂಬಿಕೆಯ ಮೇಲೆ ಎಷ್ಟೋ ತಿಂಗಳ ಅಭ್ಯಾಸವನ್ನು ಕಳೆದಿರುತ್ತಾರೆ. ನನಗೆ ನಿಜಕ್ಕೂ ಬೇಸರವಾಗುವುದು ಹೀಗೆ ವ್ಯರ್ಥವಾದ ಶ್ರಮವನ್ನು ಕಂಡಾಗ.

ಹಿಡಿತ, ನಿಲುವು, ಚೆಂಡಿನ ಸ್ಥಾನ ಇವೆಲ್ಲ ಸರಿಯಾಗಿವೆ ಎಂದಿಟ್ಟುಕೊಂಡೇ ಇಲ್ಲಿ ಬರೆಯುತ್ತಿದ್ದೇನೆ. ಹೇಳುವುದೆಲ್ಲ ಬಲಗೈ ಆಟಗಾರರಿಗೆ ಅನ್ವಯಿಸುತ್ತದೆ; ಎಡಗೈ ಆಟಗಾರರು ದಿಕ್ಕನ್ನು ಬದಲಿಸಿಕೊಂಡು ಓದಬೇಕು.

ಬ್ಯಾಕ್‌ಸ್ವಿಂಗ್ ಎಂದರೆ ಮುಂಡವನ್ನು ತಿರುಗಿಸುವ ಕ್ರಿಯೆ. ತೋಳುಗಳು ಮೇಲೇರುತ್ತವೆ ನಿಜ, ಆದರೆ ಅವು ಆ ತಿರುಗುವಿಕೆಯ ಜೊತೆಯಲ್ಲಿ ಏರಬೇಕೇ ಹೊರತು ಅದರ ಬದಲಿಗೆ ಅಲ್ಲ. ಇದನ್ನು ನಾನು ಎಷ್ಟು ಬಾರಿ ಹೇಳಿದರೂ, ಸ್ವಿಂಗ್ ಉದ್ದವಾಗಬೇಕೆಂಬ ಆಸೆ ಹುಟ್ಟಿದ ಕೂಡಲೇ ಆಟಗಾರರು ಮಾಡುವುದು ಒಂದೇ: ಭುಜ ಅರ್ಧದಲ್ಲಿ ನಿಂತ ಮೇಲೂ ಕೈಗಳನ್ನು ಎತ್ತುತ್ತಲೇ ಹೋಗುತ್ತಾರೆ. ಆಗ ಎಡಮೊಣಕೈ ಮಡಚಿಕೊಳ್ಳುತ್ತದೆ, ಎಡಗೈಯ ಕೊನೆಯ ಮೂರು ಬೆರಳುಗಳು ಕ್ಲಬ್‌ನ ಹಿಡಿಯಾದ ಗ್ರಿಪ್‌ನಿಂದ ಸಡಿಲಗೊಳ್ಳುತ್ತವೆ, ಅದರ ಉದ್ದನೆಯ ದಂಡವಾದ ಶಾಫ್ಟ್ ಕುತ್ತಿಗೆಯ ಕಡೆಗೆ ಜಾರುತ್ತದೆ, ದೇಹದ ಭಾರ ಬಲಗಾಲಿನ ಮೇಲೆ ಬರುವ ಬದಲು ಎಡಗಾಲಿನ ಮೇಲೆಯೇ ಉಳಿಯುತ್ತದೆ. ವಿಡಿಯೊದಲ್ಲಿ ಕ್ಲಬ್ ಸಮಾನಾಂತರಕ್ಕೆ ಬಂದಂತೆ ಕಾಣುವುದರಿಂದ ಗುರಿ ಸಾಧಿಸಿದ ತೃಪ್ತಿ ಅವರಿಗೆ ಸಿಗುತ್ತದೆ. ಚೆಂಡಿಗೆ ಮಾತ್ರ ಅದರಿಂದ ಏನೂ ಸಿಗುವುದಿಲ್ಲ.

ಏಕೆ ಸಿಗುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕ್ಲಬ್‌ನ ಮುಖ ಚೆಂಡಿಗೆ ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡಿನಷ್ಟು ಹೊತ್ತು ಮಾತ್ರ. ಆ ಕ್ಷಣದಲ್ಲಿ ಕ್ಲಬ್‌ನ ತಲೆಭಾಗವಾದ ಕ್ಲಬ್‌ಹೆಡ್‌ನ ವೇಗ ಎಷ್ಟಿತ್ತು, ಅದು ಯಾವ ದಾರಿಯಲ್ಲಿ ಬಂದಿತು, ಮುಖ ಎತ್ತ ತಿರುಗಿತ್ತು, ಚೆಂಡು ಮುಖದ ಯಾವ ಭಾಗಕ್ಕೆ ತಾಗಿತು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಆ ವೇಗ ಹುಟ್ಟುವುದು ಕ್ಲಬ್ ಚೆಂಡಿನತ್ತ ಕೆಳಗಿಳಿಯುವ ಡೌನ್‌ಸ್ವಿಂಗ್‌ನಲ್ಲಿ: ಮೊದಲು ಸೊಂಟ, ಆಮೇಲೆ ಮುಂಡ, ನಂತರ ತೋಳು, ಕೊನೆಗೆ ಕ್ಲಬ್ ಎಂಬ ಸರದಿಯಲ್ಲಿ ಒಂದರ ವೇಗ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವಾಗ ಒಂದು ತುದಿಯನ್ನು ಬಿಗಿಹಿಡಿದು ಇನ್ನೊಂದನ್ನು ತಿರುಚಿದರೆ ಮಾತ್ರ ಬಿಗಿತ ಬರುವಂತೆ, ಸೊಂಟಕ್ಕಿಂತ ಭುಜ ಹೆಚ್ಚು ತಿರುಗಿದಾಗ ಮುಂಡದ ಸ್ನಾಯುಗಳಲ್ಲಿ ಆ ಬಿಗಿತ ಕೂಡುತ್ತದೆ. ಕೈಗಳನ್ನು ಎಷ್ಟು ಎತ್ತಿದರೂ ಈ ಬಿಗಿತ ಒಂದಿಷ್ಟೂ ಹೆಚ್ಚುವುದಿಲ್ಲ. ಅಷ್ಟೇ ಅಲ್ಲದೆ, ಎತ್ತಿದ ಕೈಗಳನ್ನು ಕೆಳಗೆ ತರುವ ಅವಸರದಲ್ಲಿ ಬಲಭುಜ ಮುಂದಕ್ಕೆ ನುಗ್ಗಿ, ಕ್ಲಬ್ ಹೊರಗಿನಿಂದ ಒಳಕ್ಕೆ ಚೆಂಡನ್ನು ಕೊಯ್ದುಕೊಂಡು ಹೋಗುತ್ತದೆ. ಬಲಕ್ಕೆ ಬಾಗಿ ಹೋಗುವ ಸ್ಲೈಸ್‌ನ ಬಗ್ಗೆ ದೂರು ಹೇಳುವವರೂ ಸ್ವಿಂಗ್ ಉದ್ದ ಮಾಡಿಕೊಡಿ ಎಂದು ಕೇಳುವವರೂ ಅನೇಕ ವೇಳೆ ಒಬ್ಬರೇ ಆಗಿರುವುದಕ್ಕೆ ಇದು ಮುಖ್ಯ ಕಾರಣ.

ಪೂರ್ಣ ಸ್ವಿಂಗ್‌ನಲ್ಲಿ ಭುಜಗಳು ಸುಮಾರು 90 ಡಿಗ್ರಿ, ಸೊಂಟ ಸುಮಾರು 45 ಡಿಗ್ರಿ ತಿರುಗಬೇಕೆಂಬುದು ತರಬೇತುದಾರರು ಸಾಮಾನ್ಯವಾಗಿ ಹೇಳುವ ಅಳತೆ. ಇದನ್ನು ಎಲ್ಲ ದೇಹಗಳಿಗೂ ಹೊಂದುವ ನಿಯಮವೆಂದು ಯಾರೂ ಭಾವಿಸಬಾರದು. ಬೆನ್ನಿನ ಕೆಳಭಾಗದ ಮೂಳೆಗಳಿಗೆ ತಿರುಗುವ ಶಕ್ತಿ ತೀರ ಕಡಿಮೆ; ತಿರುಗುವಿಕೆ ಬರಬೇಕಾದುದು ಎದೆಯ ಹಿಂಭಾಗದ ಬೆನ್ನುಮೂಳೆಯಿಂದ ಮತ್ತು ಸೊಂಟದ ಕೀಲುಗಳಿಂದ. ಆದ್ದರಿಂದ ಸೊಂಟವನ್ನು ಕಲ್ಲಿನಂತೆ ನಿಲ್ಲಿಸಿ ಭುಜವನ್ನಷ್ಟೇ ತಿರುಗಿಸಿ ಎಂಬ ಸಲಹೆಯನ್ನು ನಾನು ಮಧ್ಯವಯಸ್ಸು ದಾಟಿದವರಿಗೆ ಕೊಡುವುದಿಲ್ಲ. ಬಲಮೊಣಕಾಲು ಸ್ವಲ್ಪ ನೆಟ್ಟಗಾಗಲಿ, ಅಗತ್ಯವಿದ್ದರೆ ಎಡಹಿಮ್ಮಡಿ ನೆಲದಿಂದ ಏಳಲಿ. ಜ್ಯಾಕ್ ನಿಕ್ಲಾಸ್ ಅವರು ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಾದ ಮೇಜರ್‌ಗಳಲ್ಲಿ 18 ಪ್ರಶಸ್ತಿಗಳನ್ನು ಎಡಹಿಮ್ಮಡಿ ಎತ್ತಿಯೇ ಗೆದ್ದರು.

ಕ್ಲಬ್ ಎಲ್ಲಿಗೆ ತಲುಪಬೇಕೆಂಬ ಪ್ರಶ್ನೆಗೂ ದೊಡ್ಡ ಆಟಗಾರರೇ ಉತ್ತರ ಕೊಟ್ಟಿದ್ದಾರೆ. 2021ರ ಯುಎಸ್ ಓಪನ್ ಮತ್ತು 2023ರ ಮಾಸ್ಟರ್ಸ್ ಗೆದ್ದ ಜಾನ್ ರಾಮ್ ಅವರ ಬ್ಯಾಕ್‌ಸ್ವಿಂಗ್ ಸಮಾನಾಂತರಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ. 1991ರ ಪಿಜಿಎ ಚಾಂಪಿಯನ್‌ಶಿಪ್ ಗೆದ್ದ ಜಾನ್ ಡೇಲಿ ಅವರದು ಸಮಾನಾಂತರವನ್ನು ದಾಟಿ ಬಹಳ ಕೆಳಗಿಳಿಯುತ್ತಿತ್ತು. ಜಿಮ್ ಫ್ಯೂರಿಕ್ ಅವರ ಕ್ಲಬ್ ತುದಿಯಲ್ಲಿ ಸುತ್ತು ಹಾಕಿ ಬರುತ್ತದೆ. ಆದರೂ 2016ರಲ್ಲಿ ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್ ಪಂದ್ಯದ ಒಂದು ಸುತ್ತನ್ನು ಅವರು ಕೇವಲ 58 ಹೊಡೆತಗಳಲ್ಲಿ ಮುಗಿಸಿದರು. ಕ್ಲಬ್‌ನ ದಾರಿ ಮೂವರದೂ ಬೇರೆ, ಆದರೆ ತುದಿಯಲ್ಲಿ ಮೂವರ ಬೆನ್ನೂ ಗುರಿಯ ಕಡೆಗೆ ತಿರುಗಿರುತ್ತದೆ. ವಿಡಿಯೊವನ್ನು ನಿಲ್ಲಿಸಿ ನೋಡುವವರು ಶಾಫ್ಟನ್ನು ಬಿಟ್ಟು ಬೆನ್ನನ್ನು ನೋಡಬೇಕೆಂದು ನನ್ನ ವಿನಂತಿ.

ಅರವತ್ತು ದಾಟಿದ ಶಿಷ್ಯರೊಬ್ಬರು ನನ್ನ ಬಳಿ ಕಲಿಯುತ್ತಿದ್ದರು. ಬಹಳ ಶ್ರದ್ಧಾವಂತರು, ಹೇಳಿದ್ದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವರು, ಆದರೆ ಸಮಾನಾಂತರದ ಹಟ ಬಿಡದವರು. ಅವರ ಎಡ ಅಂಗೈಯ ಬುಡಕ್ಕೂ ಗ್ರಿಪ್‌ಗೂ ನಡುವೆ ಒಂದು ಟೀ (ಚೆಂಡನ್ನು ಏರಿಸಿಡುವ ಪುಟ್ಟ ಗೂಟ) ಸಿಕ್ಕಿಸಿ ಸ್ವಿಂಗ್ ಮಾಡಲು ಹೇಳಿದೆ. ತುದಿಗೆ ಬಂದಾಗಲೆಲ್ಲ ಟೀ ಉದುರಿ ಅವರ ಬೂಟಿನ ಬಳಿ ಬೀಳುತ್ತಿತ್ತು. ಅಂಗೈ ಸಡಿಲವಾಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಟೀ ಬೀಳದಷ್ಟೇ ದೂರ ಹೋಗಿ, ಆದರೆ ಭುಜವನ್ನು ಪೂರ್ತಿ ತಿರುಗಿಸಿ ಎಂದೆ. "ಇದು ಅರ್ಧ ಸ್ವಿಂಗ್ ಅಲ್ಲವೇ ಸರ್?" ಎಂದು ಅವರು ಸಂಕೋಚದಿಂದಲೇ ಕೇಳಿದರು. ವಿಡಿಯೊ ತೋರಿಸಿದಾಗ ಅವರ ಎಡಭುಜ ಹಿಂದೆಂದೂ ಬಾರದಷ್ಟು ಗದ್ದದ ಕೆಳಗೆ ಬಂದಿತ್ತು, ಕ್ಲಬ್ ಮುಕ್ಕಾಲು ದಾರಿಯಲ್ಲಿ ನಿಂತಿತ್ತು, ಚೆಂಡು ನೇರವಾಗಿ ಹೋಗಿತ್ತು. ದೇಹಕ್ಕೆ ಅನಿಸುವುದು ಒಂದು, ಆಗುವುದು ಇನ್ನೊಂದು. ಈ ಅಂತರವನ್ನು ಕಣ್ಣಿಂದ ನೋಡುವವರೆಗೆ ಯಾರೂ ನಂಬುವುದಿಲ್ಲ, ಅದಕ್ಕಾಗಿ ನಾನು ಅವರನ್ನು ದೂರುವುದೂ ಇಲ್ಲ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ ಸರಳವಾದುದು. ಕ್ಲಬ್ಬನ್ನು ಎದೆಗೆ ಅಡ್ಡವಾಗಿ ಇಟ್ಟು, ಎರಡೂ ಕೈಗಳನ್ನು ಅದರ ಮೇಲೆ ಕತ್ತರಿಯಂತೆ ಹಾಕಿ ಹಿಡಿದು, ಚೆಂಡಿನ ಮುಂದೆ ನಿಲ್ಲುವಂತೆಯೇ ಸೊಂಟದಿಂದ ಬಾಗಿ, ಶಾಫ್ಟ್‌ನ ಎಡತುದಿ ಚೆಂಡಿರುವ ಜಾಗದತ್ತ ಬಾಗುವವರೆಗೆ ತಿರುಗಬೇಕು. ತಿರುಗುವಾಗ ಬೆನ್ನು ಎದ್ದು ನಿಲ್ಲಬಾರದು, ಸೊಂಟ ಪಕ್ಕಕ್ಕೆ ಜಾರಬಾರದು. ಅಲ್ಲಿ ದೇಹ ಎಷ್ಟು ತಿರುಗುತ್ತದೆಯೋ ಅಷ್ಟೇ ಆ ದಿನದ ನಿಮ್ಮ ಬ್ಯಾಕ್‌ಸ್ವಿಂಗ್. ವೇಗದ ವಿಷಯದಲ್ಲಿ, ಬೇಕೆಂದೇ ನಿಧಾನ ಮಾಡುವ ಅಗತ್ಯವಿಲ್ಲ. ಅನುಭವಿ ಆಟಗಾರರಲ್ಲಿ ಹಿಂದಕ್ಕೆ ಹೋಗುವ ಸಮಯ ಚೆಂಡಿನವರೆಗೆ ಮರಳುವ ಸಮಯದ ಸುಮಾರು ಮೂರರಷ್ಟಿರುತ್ತದೆ ಎಂಬುದನ್ನು ತಿಳಿದಿದ್ದರೆ ಸಾಕು.

ಬೆನ್ನುನೋವಿನ ಇತಿಹಾಸವಿರುವವರು ಈ ಅಭ್ಯಾಸಕ್ಕಿಂತ ಮೊದಲು ವೈದ್ಯರನ್ನೋ ಫಿಸಿಯೊಥೆರಪಿಸ್ಟರನ್ನೋ ಕಾಣುವುದು ಒಳ್ಳೆಯದು. ದೇಹವನ್ನು ಪರೀಕ್ಷಿಸದೆ ಬರಹದ ಮೂಲಕ ನಾನು ಅದಕ್ಕಿಂತ ಹೆಚ್ಚು ಹೇಳಲಾರೆ. ಅವರಿಗೆ ಅನುಮತಿ ಸಿಕ್ಕ ಮೇಲೆ ಬಲಪಾದವನ್ನು ತುಸು ಹೊರಕ್ಕೆ ತಿರುಗಿಸಿ ನಿಲ್ಲುವಂತೆ ಹೇಳುತ್ತೇನೆ, ಇದರಿಂದ ಸೊಂಟಕ್ಕೆ ತಿರುಗಲು ದಾರಿಯಾಗುತ್ತದೆ. ಆಗಲೂ ತಿರುಗುವಿಕೆ ಕಡಿಮೆಯಿದ್ದರೆ ಮುಕ್ಕಾಲು ಸ್ವಿಂಗನ್ನೇ ಅವರ ಪೂರ್ಣ ಸ್ವಿಂಗ್ ಎಂದು ಒಪ್ಪಿಕೊಂಡು, ಲಾಫ್ಟ್ (ಮುಖದ ಓರೆ) ಹೆಚ್ಚಿರುವ ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಕ್ಲಬ್, ಹಿಡಿಸಿ, ಚೆಂಡು ಮುಖದ ನಡುಭಾಗಕ್ಕೆ ತಾಗುವುದರ ಮೇಲೆ ಕೆಲಸ ಮಾಡುತ್ತೇವೆ.