ಜಿಫೀಸ್ ಮತ್ತು 2038: ಟೈಮ್‌ಸ್ಟ್ಯಾಂಪ್ ಓವರ್‌ಫ್ಲೋ ಟಿಪ್ಪಣಿ

ಓವರ್‌ಫ್ಲೋ ಅಂದರೆ ಎಣಿಕೆ ಅದಕ್ಕಿಟ್ಟ ಜಾಗ ಮೀರುವುದು. ಹಾಗಾದರೆ 32 ಬಿಟ್ ಜಾಗವನ್ನು 64 ಬಿಟ್ ಮಾಡಿದರೆ ಮುಗಿಯಿತು ಅನಿಸುತ್ತದೆ. ಆದರೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೋಡ್ ಓದುವಾಗ ಮೊದಲು ನೋಡಬೇಕಾದದ್ದು ಬೇರೆ. ಅಲ್ಲಿರುವ ಸಮಯದ ಸಂಖ್ಯೆ ಅವಧಿ ಅಳೆಯುತ್ತಿದೆಯೋ, ತಾರೀಖು ಹೇಳುತ್ತಿದೆಯೋ? ಎರಡಕ್ಕೂ ಮದ್ದು ಬೇರೆ.

ಅವಧಿಗೆ ಜಿಫೀಸ್ ಇದೆ. ಇದು ಟೈಮರ್ ಟಿಕ್‌ಗಳ, ಅಂದರೆ ಸಮ ಅಂತರದಲ್ಲಿ ಬರುವ ಮಿಡಿತಗಳ ಲೆಕ್ಕ. 32 ಬಿಟ್ ಯಂತ್ರದಲ್ಲಿ ಸೆಕೆಂಡಿಗೆ 1000 ಟಿಕ್ ಇದ್ದರೆ ಸುಮಾರು 49.7 ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತದೆ. ಈಗಿನ ಎಣಿಕೆ 4294967290, ಇನ್ನು 20 ಟಿಕ್ ಕಾಯಬೇಕು ಅಂದುಕೊಳ್ಳಿ. ಕೂಡಿದಾಗ ಬರುವ ಗಡುವು 14! 'ಈಗ > ಗಡುವು' ಅಂತ ಬರೆದಿದ್ದರೆ, ಕಾಯುವ ಮೊದಲೇ ಸಮಯ ಮುಗಿಯಿತು ಎಂದು ಕೋಡ್ ತಿಳಿಯುತ್ತದೆ. ಗಡುವಿನಿಂದ ಈಗಿನ ಎಣಿಕೆ ಕಳೆದು, ಉತ್ತರವನ್ನು ಸೈನ್ಡ್ ಸಂಖ್ಯೆಯಾಗಿ (ಋಣವೂ ಆಗಬಹುದಾದ ಸಂಖ್ಯೆ) ನೋಡಿ. ಸರಿಯಾಗಿ 20 ಬರುತ್ತದೆ. ಕರ್ನಲ್‌ನಲ್ಲಿರುವ ಟೈಮ್_ಆಫ್ಟರ್ ಮ್ಯಾಕ್ರೊ (ಸಿದ್ಧ ಕೋಡ್ ತುಣುಕು) ಮಾಡುವುದು ಇಷ್ಟೇ. ಎರಡರ ಅಂತರ ಪೂರ್ತಿ ಸುತ್ತಿನ ಅರ್ಧಕ್ಕಿಂತ ಕಡಿಮೆ ಇರಬೇಕು, ಅದೊಂದೇ ಷರತ್ತು. ಇಲ್ಲಿ ಸಂಖ್ಯೆಯ ಟೈಪ್, ಅಂದರೆ ಅದರ ಬಿಟ್ ಅಳತೆ, ಮುಟ್ಟುವುದೇ ಬೇಡ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಕರ್ನಲ್ ಜಿಫೀಸನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. ಬೂಟ್ ಆಗಿ ಐದೇ ನಿಮಿಷಕ್ಕೆ ಸುತ್ತು ಹೊಡೆಯುವಂತೆ ಬೇಕೆಂದೇ ಇಟ್ಟಿದ್ದಾರೆ. ತಪ್ಪು ಹೋಲಿಕೆ ಇದ್ದರೆ 50 ದಿನ ಕಾಯದೆ ಅವತ್ತೇ ಸಿಕ್ಕಿಬೀಳುತ್ತದೆ. ಎಷ್ಟು ಒಳ್ಳೆ ಯೋಚನೆ ಅಲ್ವಾ?

ತಾರೀಖಿಗೆ ಈ ಉಪಾಯ ನಡೆಯದು. 1970ರಿಂದ ಸೆಕೆಂಡ್ ಎಣಿಸುವ 32 ಬಿಟ್ ಟೈಮ್_ಟಿ (ತಾರೀಖು ಇಡುವ ಟೈಪ್) 2147483647ಕ್ಕೆ ನಿಲ್ಲುತ್ತದೆ. ನಮ್ಮ ಗಡಿಯಾರದಲ್ಲಿ ಅದು 2038ರ ಜನವರಿ 19, ಬೆಳಿಗ್ಗೆ 8:44:07. ಮರು ಸೆಕೆಂಡಿಗೆ ಸಂಖ್ಯೆ ಋಣವಾಗಿ 1901ರ ಡಿಸೆಂಬರ್! ಇಲ್ಲಿ ಜಾಗ ಹಿಗ್ಗಿಸಲೇಬೇಕು. ಕಷ್ಟ ಏನೆಂದರೆ, ಹಳೆಯ ಪ್ರೋಗ್ರಾಂಗಳು ನಾಲ್ಕು ಬೈಟ್ ಎಂದೇ ನಂಬಿ ಕಂಪೈಲ್ ಆಗಿವೆ. ಸುಮ್ನೆ ಎಂಟು ಮಾಡಿದರೆ ಸ್ಟ್ರಕ್ಚರ್‌ಗಳ (ಹಲವು ಮಾಹಿತಿ ಒಟ್ಟಿಗಿಡುವ ಕಟ್ಟುಗಳ) ಅಳತೆಯೇ ತಪ್ಪುತ್ತದೆ. ಅದಕ್ಕೆ ಲಿನಕ್ಸ್ ಹಳೆಯ ಸಿಸ್ಟಂ ಕಾಲ್‌ಗಳನ್ನು (ಪ್ರೋಗ್ರಾಂ ಕರ್ನಲ್ಲಿಗೆ ಕೊಡುವ ಕರೆಗಳನ್ನು) ಹಾಗೇ ಬಿಟ್ಟು, 5.1 ಆವೃತ್ತಿಯಲ್ಲಿ 64 ಬಿಟ್ ಸಮಯದ ಹೊಸ ಕಾಲ್‌ಗಳನ್ನು ಪಕ್ಕಕ್ಕೆ ಸೇರಿಸಿತು. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ 2014ರ 5.5 ಆವೃತ್ತಿಯಲ್ಲಿ ಹಳೆಯದನ್ನು ಮುರಿದು ಒಮ್ಮೆಗೇ ಬದಲಾಯಿಸಿತು. ಲಿನಕ್ಸ್‌ಗೆ ಆ ಸ್ವಾತಂತ್ರ್ಯ ಇರಲಿಲ್ಲ.

ಡಿಸ್ಕ್ ಮೇಲಿನ ಸಮಯವನ್ನೂ ಮರೆಯಬೇಡಿ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ 256 ಬೈಟ್ ಐನೋಡ್ (ಫೈಲಿನ ವಿವರ ಇಡುವ ದಾಖಲೆ) ಇದ್ದರೆ ಸಮಯಕ್ಕೆ ಎರಡು ಬಿಟ್ ಜಾಸ್ತಿ ಸಿಕ್ಕಿ 2446ರವರೆಗೆ ಓಡುತ್ತದೆ. 128 ಬೈಟ್ ಐನೋಡ್ ಇದ್ದರೆ ಕರ್ನಲ್ ಎಷ್ಟೇ ಹೊಸದಾದರೂ ಫೈಲಿನ ತಾರೀಖು 2038 ದಾಟದು.